ಟೈಟ್ ಎಂಡ್‌ಗಳ ಲೆಕ್ಕ: ಎಸ್‌ಇಸಿ ಋತು ಶುರುವಾಗುವ ಮುನ್ನ ಬರುವ ಪಟ್ಟಿಗಳನ್ನು ಓದುವುದು ಹೇಗೆ?

ಜುಲೈ ಬಂತೆಂದರೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು ಆಡುವ ಅಮೆರಿಕನ್ ಬಗೆ) ಬಿಟ್ಟು ಬೇರೆ ಮಾತೇ ಇರುವುದಿಲ್ಲ. ಆಟ ಶುರುವಾಗುವುದು ಆಗಸ್ಟ್ ಕೊನೆಗೆ. ಆದರೆ ಯಾವ ತಂಡ ಗೆಲ್ಲುತ್ತದೆ, ಯಾವ ಜಾಗಕ್ಕೆ ಯಾರು ಉತ್ತಮ ಎಂಬ ಅಂದಾಜುಗಳು ಆರು ವಾರ ಮೊದಲೇ ಹರಿದಾಡತೊಡಗುತ್ತವೆ. ಅದರಲ್ಲೂ ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ಎಸ್‌ಇಸಿ, ಹದಿನಾರು ವಿಶ್ವವಿದ್ಯಾಲಯಗಳ ಕೂಟ. ಅಲಬಾಮಾ, ಜಾರ್ಜಿಯಾ, ಎಲ್‌ಎಸ್‌ಯು, ಫ್ಲೋರಿಡಾ ಮುಂತಾದ ಹಳೆಯ ಸದಸ್ಯರ ಜೊತೆಗೆ 2024ರ ಜುಲೈಯಲ್ಲಿ ಟೆಕ್ಸಸ್, ಒಕ್ಲಹೋಮಾ ಕೂಡ ಸೇರಿಕೊಂಡವು. ಅಟ್ಲಾಂಟಾ, ಡಲ್ಲಾಸ್, ಹ್ಯೂಸ್ಟನ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಈ ವಿಶ್ವವಿದ್ಯಾಲಯಗಳಲ್ಲಿ ಓದುತ್ತಾರೆ. ಹಾಗಾಗಿ ಶನಿವಾರದ ಈ ಆಟ ಈಗ ಅಲ್ಲಿನ ನಮ್ಮವರ ಮನೆಗಳ ಒಳಗೂ ಬಂದು ಕೂತಿದೆ.

ಈ ಅಂದಾಜುಗಳಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳ ಪಟ್ಟಿ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳ ಪಟ್ಟಿ ಹೆಚ್ಚುಕಡಿಮೆ ಓದಿದಂತೆಯೇ ಅರ್ಥವಾಗುತ್ತವೆ. ಟೈಟ್ ಎಂಡ್‌ಗಳದ್ದು ಮಾತ್ರ ಹಾಗಲ್ಲ. ಬಹುತೇಕ ಪಟ್ಟಿಗಳು ಹಿಂದಿನ ವರ್ಷ ಯಾರು ಎಷ್ಟು ಪಾಸ್ ಹಿಡಿದರು ಎಂಬುದನ್ನು ನೋಡಿ ಮೇಲೆ ಕೆಳಗೆ ಜೋಡಿಸುತ್ತವೆ. ಟೈಟ್ ಎಂಡ್ ಮಾಡುವ ಕೆಲಸದಲ್ಲಿ ಅರ್ಧ ಭಾಗ ಆ ಅಂಕಿಯಲ್ಲಿ ಇರುವುದೇ ಇಲ್ಲ. ಇನ್ನರ್ಧ ಇದ್ದರೂ ಅದರಲ್ಲಿ ಆಟಗಾರನ ಪಾಲೆಷ್ಟು, ಅವನ ಸುತ್ತಲಿನವರ ಪಾಲೆಷ್ಟು ಎಂದು ಬಿಡಿಸಿ ನೋಡಬೇಕು. 2025ರ ಎಸ್‌ಇಸಿ ಋತು ಇದಕ್ಕೆ ಒಳ್ಳೆಯ ಪಾಠ. ಋತುವಿನ ಮುಂಚೆ ಏನು ಗೊತ್ತಿತ್ತು, ಆಮೇಲೆ ಏನಾಯಿತು ಎರಡೂ ನಮ್ಮ ಮುಂದಿವೆ.

ಮೊದಲು ಈ ಜಾಗ ಯಾವುದು ಎಂದು ನೋಡೋಣ. ಆಕ್ರಮಣ ಮಾಡುವ ತಂಡದಲ್ಲಿ ಹನ್ನೊಂದು ಜನ. ನಡುವೆ ಸಾಲಾಗಿ ನಿಲ್ಲುವ ಐದು ಮಂದಿ ದಢೂತಿ ಲೈನ್‌ಮನ್‌ಗಳು ಎದುರಾಳಿಗಳನ್ನು ತಡೆಯಬೇಕು ಅಷ್ಟೆ, ಮುಂದಕ್ಕೆ ಎಸೆದ ಪಾಸ್ ಹಿಡಿಯುವಂತಿಲ್ಲ. ಆ ಸಾಲಿನ ತುದಿಯ ಆಟಗಾರ ಟ್ಯಾಕಲ್. ಅವನ ಭುಜಕ್ಕೆ ಅಂಟಿಕೊಂಡಂತೆ ನಿಲ್ಲುವವನೇ ಟೈಟ್ ಎಂಡ್. ಅವನು ಲೈನ್‌ಮನ್‌ನಂತೆ ತಡೆಯಲೂಬೇಕು, ರಿಸೀವರ್‌ನಂತೆ ಓಡಿ ಪಾಸ್ ಹಿಡಿಯಲೂಬೇಕು. ಇದರಲ್ಲೊಂದು ಸೂಕ್ಷ್ಮವಿದೆ. ಅವನಿಗಿಂತ ಹೊರಗೆ, ಅದೇ ಗೆರೆಯ ಮೇಲೆ ಇನ್ನೊಬ್ಬ ರಿಸೀವರ್ ಬಂದು ನಿಂತರೆ ಟೈಟ್ ಎಂಡ್ ‘ಕವರ್ಡ್’ ಆಗಿಬಿಡುತ್ತಾನೆ, ಆ ಆಟದಲ್ಲಿ ಪಾಸ್ ಹಿಡಿಯುವ ಹಕ್ಕು ಕಳೆದುಕೊಳ್ಳುತ್ತಾನೆ. ಹಾಗಾಗಿಯೇ ಹೊರಗಿನ ರಿಸೀವರ್ ಒಂದು ಹೆಜ್ಜೆ ಹಿಂದೆ ನಿಂತಿದ್ದಾನೋ ಇಲ್ಲವೋ ಎಂದು ಎದುರು ತಂಡದ ಸಾಲಿನ ಹಿಂದೆ ನಿಲ್ಲುವ ರಕ್ಷಕ ಲೈನ್‌ಬ್ಯಾಕರ್ ಪ್ರತಿ ಬಾರಿಯೂ ಕಣ್ಣು ಹಾಯಿಸುತ್ತಾನೆ.

ಒಂದೇ ಒಂದು ಆಟವನ್ನು ಹತ್ತಿರದಿಂದ ನೋಡಿ. ಎರಡನೇ ಡೌನ್ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಎರಡನೆಯದು), ಇನ್ನೂ ಆರು ಯಾರ್ಡ್ ಬೇಕು. ಟೈಟ್ ಎಂಡ್ ಬಲಗೈ ಬೆರಳುಗಳನ್ನು ನೆಲಕ್ಕೂರಿ ಬಾಗಿದ್ದಾನೆ. ಚೆಂಡು ಹಿಂದಕ್ಕೆ ಬಂದ ಕ್ಷಣ ಅವನು ಎದುರು ಸಾಲಿನ ತುದಿಯ ರಕ್ಷಕ ಡಿಫೆನ್ಸಿವ್ ಎಂಡ್‌ನ ಎದೆಗೆ ಎರಡೂ ಅಂಗೈ ಕೊಟ್ಟು ಒಳಕ್ಕೆ ತಳ್ಳುತ್ತಾನೆ. ಕ್ವಾರ್ಟರ್‌ಬ್ಯಾಕ್ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಚೆಂಡು ಕೊಟ್ಟಂತೆ ನಟಿಸುತ್ತಾನೆ. ಇದು ಓಟದ ಆಟವೇ ಎಂದುಕೊಂಡ ಲೈನ್‌ಬ್ಯಾಕರ್ ಎರಡು ಹೆಜ್ಜೆ ಮುಂದೆ ಬರುತ್ತಾನೆ. ಅಷ್ಟೇ ಸಾಕು. ಟೈಟ್ ಎಂಡ್ ಕೈ ಬಿಟ್ಟು, ಅವನ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಜಾರಿರುತ್ತಾನೆ. ಹದಿನೈದು ಯಾರ್ಡ್. ಅಂಕಿಪಟ್ಟಿಯಲ್ಲಿ ಬೀಳುವುದು ಈ ಹದಿನೈದು ಯಾರ್ಡ್ ಮಾತ್ರ. ಆದರೆ ಲೈನ್‌ಬ್ಯಾಕರ್ ಏಕೆ ಮೋಸಹೋದ? ಅದಕ್ಕೆ ಮೊದಲಿನ ಹತ್ತು ಓಟಗಳಲ್ಲಿ ಅದೇ ಟೈಟ್ ಎಂಡ್ ಅದೇ ರೀತಿ ಎದೆಗೆ ಕೈ ಕೊಟ್ಟು ನಿಜವಾಗಿಯೇ ತಡೆದಿದ್ದ. ಆ ಹತ್ತಕ್ಕೆ ಎಲ್ಲೂ ಲೆಕ್ಕವಿಲ್ಲ.

ಕ್ರಿಕೆಟ್ ಬಲ್ಲವರಿಗೆ ಹೇಳುವುದಾದರೆ, 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ವಿಕೆಟ್‌ಕೀಪಿಂಗ್ ಗ್ಲೌಸ್ ತೊಟ್ಟದ್ದನ್ನು ನೆನಪಿಸಿಕೊಳ್ಳಿ. ಅವರು ಕೀಪಿಂಗ್ ಮಾಡಿದ್ದರಿಂದ ಭಾರತ ಏಳು ಬ್ಯಾಟ್ಸ್‌ಮನ್‌ಗಳನ್ನು ಆಡಿಸಲು ಸಾಧ್ಯವಾಯಿತು. ಆ ಏಳನೆಯವನ ರನ್ನುಗಳಲ್ಲಿ ದ್ರಾವಿಡ್ ಅವರದ್ದೂ ಒಂದು ಪಾಲಿತ್ತು, ಸ್ಕೋರ್‌ಬೋರ್ಡಿನಲ್ಲಿ ಅದು ಕಾಣಲಿಲ್ಲ ಅಷ್ಟೆ. ಎರಡು ಕೆಲಸ ಬಲ್ಲ ಒಬ್ಬನಿದ್ದರೆ ತಂಡಕ್ಕೆ ಒಬ್ಬ ಹೆಚ್ಚುವರಿ ಆಟಗಾರ ಸಿಕ್ಕಂತೆಯೇ.

ಈ ತತ್ವವನ್ನು ಕಾಲೇಜು ಆಟದಲ್ಲಿ ಜಾರ್ಜಿಯಾ 2022ರಲ್ಲಿ ಮಾಡಿ ತೋರಿಸಿದಷ್ಟು ಚೆನ್ನಾಗಿ ಈಚಿನ ವರ್ಷಗಳಲ್ಲಿ ಯಾರೂ ತೋರಿಸಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಅದನ್ನು ಅರ್ಥ ಮಾಡಿಕೊಳ್ಳಲು ಒಂದು ಸಂಕೇತ ಗೊತ್ತಿರಬೇಕು. ಕೋಚ್‌ಗಳು ‘11’, ‘12’ ಎಂದು ಮಾತನಾಡುತ್ತಾರೆ. ಮೊದಲ ಅಂಕಿ ರನ್ನಿಂಗ್ ಬ್ಯಾಕ್‌ಗಳ ಸಂಖ್ಯೆ, ಎರಡನೆಯದು ಟೈಟ್ ಎಂಡ್‌ಗಳ ಸಂಖ್ಯೆ. ‘11’ ಎಂದರೆ ಒಬ್ಬ ಬ್ಯಾಕ್, ಒಬ್ಬ ಟೈಟ್ ಎಂಡ್, ಉಳಿದ ಮೂವರು ವೈಡ್ ರಿಸೀವರ್‌ಗಳು. ‘12’ ಎಂದರೆ ಇಬ್ಬರು ಟೈಟ್ ಎಂಡ್‌ಗಳು, ಇಬ್ಬರು ರಿಸೀವರ್‌ಗಳು. ಎದುರಾಳಿ ತಂಡ ಈ ಸಂಖ್ಯೆ ನೋಡಿಯೇ ಮೈದಾನಕ್ಕೆ ಜನರನ್ನು ಇಳಿಸುತ್ತದೆ. ಮೂವರು ರಿಸೀವರ್‌ಗಳಿದ್ದರೆ ಹಗುರವಾದ, ವೇಗದ ರಕ್ಷಕರು ಬೇಕು. ಇಬ್ಬರು ಟೈಟ್ ಎಂಡ್‌ಗಳಿದ್ದರೆ ಭಾರದ ಲೈನ್‌ಬ್ಯಾಕರ್‌ಗಳು ಬೇಕು.

ಜಾರ್ಜಿಯಾದ ಇಬ್ಬರು ಟೈಟ್ ಎಂಡ್‌ಗಳು ಬ್ರಾಕ್ ಬೌವರ್ಸ್ ಮತ್ತು ಡಾರ್ನೆಲ್ ವಾಷಿಂಗ್ಟನ್. ಬೌವರ್ಸ್ ರಿಸೀವರ್‌ನಂತೆ ಓಡಬಲ್ಲರು. ವಾಷಿಂಗ್ಟನ್ ಆರು ಅಡಿ ಏಳು ಅಂಗುಲದ ದೈತ್ಯ, ಹೆಚ್ಚುಕಡಿಮೆ ಇನ್ನೊಬ್ಬ ಟ್ಯಾಕಲ್ ಇದ್ದಂತೆ. ಎದುರಾಳಿ ಭಾರದ ಲೈನ್‌ಬ್ಯಾಕರ್‌ಗಳನ್ನು ಇಳಿಸಿದರೆ ಬೌವರ್ಸ್ ಅವರನ್ನು ದಾಟಿ ಓಡುತ್ತಿದ್ದರು. ಹಗುರದವರನ್ನು ಇಳಿಸಿದರೆ ವಾಷಿಂಗ್ಟನ್ ಅವರನ್ನು ಎತ್ತಿ ಬದಿಗಿಟ್ಟು ಓಟಕ್ಕೆ ದಾರಿ ಮಾಡಿಕೊಡುತ್ತಿದ್ದರು. ಯಾರನ್ನು ಇಳಿಸಿದರೂ ಎದುರಾಳಿಗೇ ನಷ್ಟ. ಆ ವರ್ಷ ಬೌವರ್ಸ್ ಹಿಡಿದದ್ದು 63 ಪಾಸ್, 942 ಯಾರ್ಡ್. ವಾಷಿಂಗ್ಟನ್ ಹಿಡಿದದ್ದು 28 ಮಾತ್ರ. ಪಟ್ಟಿ ಮಾಡುವವರ ಕಣ್ಣಿಗೆ 28 ಎಂಬುದು ಸಾಧಾರಣ ಅಂಕಿ. ಆದರೆ ಆ 63ರ ಹಿಂದೆ ವಾಷಿಂಗ್ಟನ್ ಅವರ ಭುಜಬಲ ಇತ್ತು. ಜಾರ್ಜಿಯಾ 15 ಪಂದ್ಯ ಆಡಿ 15ನ್ನೂ ಗೆದ್ದು, ಫೈನಲ್‌ನಲ್ಲಿ ಟಿಸಿಯು ತಂಡವನ್ನು 65–7ರಿಂದ ಸೋಲಿಸಿತು. ಬೌವರ್ಸ್ ಆ ವರ್ಷ ಮತ್ತು ಮರುವರ್ಷ ದೇಶದ ಶ್ರೇಷ್ಠ ಕಾಲೇಜು ಟೈಟ್ ಎಂಡ್‌ಗೆ ಕೊಡುವ ಜಾನ್ ಮ್ಯಾಕಿ ಪ್ರಶಸ್ತಿ ಪಡೆದರು. ಅದನ್ನು ಎರಡು ಬಾರಿ ಗೆದ್ದ ಮೊದಲಿಗರು ಅವರೇ.

ಈಗ 2025ರ ಋತುವಿನ ಮುಂಚಿನ ಚಿತ್ರಕ್ಕೆ ಬರೋಣ. ಹಿಂದಿನ ವರ್ಷದ ದೊಡ್ಡ ಹೆಸರುಗಳಲ್ಲಿ ಇಬ್ಬರು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋಗಿಯಾಗಿತ್ತು. ಟೆಕ್ಸಸ್‌ನ ಗನ್ನರ್ ಹೆಲ್ಮ್ 2024ರಲ್ಲಿ 60 ಪಾಸ್ ಹಿಡಿದು 786 ಯಾರ್ಡ್ ಗಳಿಸಿದ್ದರು. ಎಲ್‌ಎಸ್‌ಯುನ ಮೇಸನ್ ಟೇಲರ್ 55 ಪಾಸ್ ಹಿಡಿದಿದ್ದರು. ಉಳಿದವರಲ್ಲಿ ಒಂದು ಅಂಕಿ ಎದ್ದು ಕಾಣುತ್ತಿತ್ತು. ಒಕ್ಲಹೋಮಾದಿಂದ ಎಲ್‌ಎಸ್‌ಯುಗೆ ಬಂದ ಬೌವರ್ ಶಾರ್ಪ್, 2024ರಲ್ಲಿ 42 ಪಾಸ್. ಆ ತಂಡದಲ್ಲಿ ಅವರಿಗಿಂತ ಹೆಚ್ಚು ಹಿಡಿದವರೇ ಇರಲಿಲ್ಲ.

ಇಲ್ಲಿ ಒಂದು ಸಣ್ಣ ಭಾಗಾಕಾರ ಮಾಡಿ ನೋಡಿ. ಶಾರ್ಪ್ ಅವರ 42 ಪಾಸ್‌ಗಳಿಂದ ಬಂದದ್ದು 324 ಯಾರ್ಡ್, ಪ್ರತಿ ಪಾಸ್‌ಗೆ ಎಂಟಕ್ಕಿಂತ ಕಡಿಮೆ. ಹೆಲ್ಮ್ ಅವರದ್ದು ಹದಿಮೂರು. ಈ ವ್ಯತ್ಯಾಸ ಏನು ಹೇಳುತ್ತದೆ? 2024ರಲ್ಲಿ ಒಕ್ಲಹೋಮಾದ ರಿಸೀವರ್‌ಗಳು ಒಬ್ಬರ ಹಿಂದೊಬ್ಬರು ಗಾಯಗೊಂಡು ಹೊರಗೆ ಕೂತಿದ್ದರು. ಲೈನ್ ಬೇಗ ಕುಸಿಯುತ್ತಿತ್ತು. ಕ್ವಾರ್ಟರ್‌ಬ್ಯಾಕ್‌ಗೆ ದೂರ ನೋಡಲು ಸಮಯವೇ ಇಲ್ಲದಿದ್ದಾಗ ಹತ್ತಿರದಲ್ಲಿ ಕೈ ಎತ್ತಿ ನಿಂತಿದ್ದ ದೊಡ್ಡ ಆಳಿಗೆ ಚೆಂಡು ಎಸೆಯುವುದು ಸಹಜ. ಶಾರ್ಪ್ ಒಳ್ಳೆಯ ಆಟಗಾರರೇ, ಕ್ವಾರ್ಟರ್‌ಬ್ಯಾಕ್ ಆಗಿ ಶುರುಮಾಡಿ ಈ ಜಾಗ ಕಲಿತವರು. ಆದರೆ ಆ 42ರಲ್ಲಿ ಅವರ ಪ್ರತಿಭೆಯಷ್ಟೇ ತಂಡದ ಕಷ್ಟವೂ ಸೇರಿತ್ತು. ಕಷ್ಟವನ್ನು ಹೊಸ ತಂಡಕ್ಕೆ ಹೊತ್ತುಕೊಂಡು ಹೋಗಲಾಗುವುದಿಲ್ಲವಲ್ಲ.

ಇದಕ್ಕೆ ಪೂರ್ತಿ ಎದುರು ತುದಿಯಲ್ಲಿ ನಿಲ್ಲುವವರು ವ್ಯಾಂಡರ್‌ಬಿಲ್ಟ್‌ನ ಈಲೈ ಸ್ಟೋವರ್ಸ್. ಇವರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು.

ಸ್ಟೋವರ್ಸ್ ಟೆಕ್ಸಸ್‌ನ ಡೆಂಟನ್‌ನವರು, ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್. ಟೆಕ್ಸಸ್ ಎ ಆ್ಯಂಡ್ ಎಂಗೆ ಸೇರಿದ್ದೂ ಕ್ವಾರ್ಟರ್‌ಬ್ಯಾಕ್ ಆಗಿಯೇ. ಭುಜಕ್ಕೆ ಪೆಟ್ಟಾಯಿತು, ಅಲ್ಲಿ ನೆಲೆ ಸಿಗಲಿಲ್ಲ. 2023ರಲ್ಲಿ ನ್ಯೂ ಮೆಕ್ಸಿಕೋ ಸ್ಟೇಟ್ ಎಂಬ ಸಣ್ಣ ತಂಡಕ್ಕೆ ಹೋದರು. ಅಲ್ಲಿ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಡಿಯೇಗೋ ಪಾವಿಯಾ ಆಗಲೇ ಗಟ್ಟಿಯಾಗಿ ಕೂತಿದ್ದರು. ಸ್ಟೋವರ್ಸ್ ಟೈಟ್ ಎಂಡ್ ಆದರು. ಕೋಚ್ ಜೆರ್ರಿ ಕಿಲ್, ಆಕ್ರಮಣದ ಯೋಜನೆ ಮಾಡುತ್ತಿದ್ದ ಕೋಆರ್ಡಿನೇಟರ್ ಟಿಮ್ ಬೆಕ್, ಕ್ವಾರ್ಟರ್‌ಬ್ಯಾಕ್ ಪಾವಿಯಾ, ಜೊತೆಗೆ ಈಗ ಸ್ಟೋವರ್ಸ್. ಆ ತಂಡ ಅದೇ ನವೆಂಬರಿನಲ್ಲಿ ಆಬರ್ನ್ ತಂಡವನ್ನು ಅದರದೇ ಮೈದಾನದಲ್ಲಿ 31–10ರಿಂದ ಸೋಲಿಸಿತು.

ಆಗ ವ್ಯಾಂಡರ್‌ಬಿಲ್ಟ್ ಎಸ್‌ಇಸಿಯ ಬಡ ತಂಡ. 2023ರಲ್ಲಿ 2 ಗೆದ್ದು 10 ಸೋತಿತ್ತು, ಕಾನ್ಫರೆನ್ಸಿನ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಹೆಡ್ ಕೋಚ್ ಕ್ಲಾರ್ಕ್ ಲೀ ಮಾಡಿದ್ದು ಬುದ್ಧಿವಂತ ಕೆಲಸ. ಕಿಲ್, ಬೆಕ್, ಪಾವಿಯಾ, ಸ್ಟೋವರ್ಸ್ ನಾಲ್ವರನ್ನೂ ಒಟ್ಟಿಗೆ ವ್ಯಾಂಡರ್‌ಬಿಲ್ಟ್‌ನ ಊರಾದ ನ್ಯಾಶ್‌ವಿಲ್‌ಗೆ ಕರೆತಂದರು. 2024ರ ಅಕ್ಟೋಬರ್ 5ರಂದು ವ್ಯಾಂಡರ್‌ಬಿಲ್ಟ್ ದೇಶದ ನಂಬರ್ ಒನ್ ಅಲಬಾಮಾವನ್ನು 40–35ರಿಂದ ಸೋಲಿಸಿತು, ಅಭಿಮಾನಿಗಳು ಗೋಲ್‌ಪೋಸ್ಟ್ ಕಿತ್ತುಕೊಂಡು ಬೀದಿಯಲ್ಲಿ ಮೆರವಣಿಗೆ ಮಾಡಿ ನದಿಗೆ ಹಾಕಿದರು. ಆ ಋತುವಿನಲ್ಲಿ ಸ್ಟೋವರ್ಸ್ 49 ಪಾಸ್ ಹಿಡಿದು 638 ಯಾರ್ಡ್ ಗಳಿಸಿದರು. ಪ್ರತಿ ಪಾಸ್‌ಗೆ ಹದಿಮೂರು.

2025ರ ಜುಲೈಯಲ್ಲಿ ಅಟ್ಲಾಂಟಾದಲ್ಲಿ ಸೇರಿದ ಪತ್ರಕರ್ತರು ವ್ಯಾಂಡರ್‌ಬಿಲ್ಟ್ ತಂಡವನ್ನು ಹದಿನಾರರಲ್ಲಿ ಹದಿಮೂರನೇ ಸ್ಥಾನಕ್ಕೆ ಇಟ್ಟರು. ಟೈಟ್ ಎಂಡ್‌ಗಳಲ್ಲಿ ಮಾತ್ರ ಸ್ಟೋವರ್ಸ್ ಅವರನ್ನೇ ಎಸ್‌ಇಸಿಯ ಅತ್ಯುತ್ತಮರ ಮೊದಲ ತಂಡಕ್ಕೆ ಆರಿಸಿದರು. ಇವೆರಡು ಒಂದಕ್ಕೊಂದು ಹೊಂದುವ ಮಾತಲ್ಲ. ಸ್ಟೋವರ್ಸ್ ಬ್ಲಾಕಿಂಗ್‌ನಲ್ಲಿ, ಅಂದರೆ ತಡೆಯುವ ಕೆಲಸದಲ್ಲಿ, ವಾಷಿಂಗ್ಟನ್ ಅವರ ಹತ್ತಿರಕ್ಕೂ ಬರುವವರಲ್ಲ. ಅವರ ಬೆಲೆ ಇದ್ದದ್ದು ಕ್ವಾರ್ಟರ್‌ಬ್ಯಾಕ್ ಕಣ್ಣಿನಿಂದ ಎದುರಾಳಿಯನ್ನು ಓದುವುದರಲ್ಲಿ, ಪಾವಿಯಾ ಅತ್ತಿತ್ತ ಓಡಿ ಆಟ ಮುರಿದುಬಿದ್ದಾಗ ಎಲ್ಲಿ ಹೋಗಿ ನಿಲ್ಲಬೇಕೆಂದು ಗೊತ್ತಿರುವುದರಲ್ಲಿ. ಅದು ಎರಡು ವರ್ಷ ಒಟ್ಟಿಗೆ ಆಡಿ ಬಂದ ತಿಳಿವಳಿಕೆ. ಆ ತಿಳಿವಳಿಕೆಯನ್ನು ಒಪ್ಪಿ ಸ್ಟೋವರ್ಸ್ ಅವರನ್ನು ಮೇಲಿಟ್ಟವರು, ಅದೇ ತಿಳಿವಳಿಕೆ ಇಡೀ ತಂಡಕ್ಕೆ ಏನು ಮಾಡಬಲ್ಲದು ಎಂದು ಯೋಚಿಸಿದ್ದರೆ ಹದಿಮೂರು ಎಂದು ಬರೆಯುತ್ತಿರಲಿಲ್ಲ. ಆ ವರ್ಷ ವ್ಯಾಂಡರ್‌ಬಿಲ್ಟ್ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ಋತುವಿನಲ್ಲಿ 10 ಪಂದ್ಯ ಗೆದ್ದಿತು. ಮ್ಯಾಕಿ ಪ್ರಶಸ್ತಿ ಸ್ಟೋವರ್ಸ್ ಪಾಲಾಯಿತು.

ಟೆಕ್ಸಸ್‌ನದು ಬೇರೆ ಬಗೆಯ ಲೆಕ್ಕ. ಹೆಲ್ಮ್ ಹೋದ ಮೇಲೆ ಆ 60 ಪಾಸ್‌ಗಳು ಯಾರಿಗೆ? ಅಂದಾಜು ಬರೆಯುವವರಿಗೆ ಪ್ರಿಯವಾದ ಪ್ರಶ್ನೆ ಇದು. ಒಬ್ಬ ಬಿಟ್ಟುಹೋದ ಪಾಲನ್ನು ಆ ಜಾಗಕ್ಕೆ ಬಂದವನ ತಟ್ಟೆಗೆ ಬಡಿಸಿಬಿಡುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಜಾಕ್ ಎಂಡ್ರೀಸ್ ಬಂದರು. ಸ್ಕಾಲರ್‌ಶಿಪ್ ಇಲ್ಲದೆ ವಾಕ್-ಆನ್ ಆಗಿ ಸೇರಿ, 2024ರಲ್ಲಿ 56 ಪಾಸ್ ಹಿಡಿದು 623 ಯಾರ್ಡ್ ಗಳಿಸಿದವರು. ಐವತ್ತಾರು ಹೋಗಿ ಅರವತ್ತರ ಜಾಗಕ್ಕೆ ಸೇರಿತು, ಸರಿಹೋಯಿತು ಎಂದು ಅನೇಕರು ಬರೆದರು. ಆದರೆ ಹೆಲ್ಮ್ ಅವರಿಗೆ ಎಸೆಯುತ್ತಿದ್ದ ಕ್ವಿನ್ ಎವರ್ಸ್ ಕೂಡ ಹೋಗಿದ್ದರು. ಬಂದವರು ಆರ್ಚ್ ಮ್ಯಾನಿಂಗ್, ಪೇಟನ್ ಮತ್ತು ಈಲೈ ಮ್ಯಾನಿಂಗ್ ಅವರ ಅಣ್ಣನ ಮಗ. ದೂರ ಎಸೆಯುವ ತೋಳು, ಬೇಕಾದಾಗ ತಾವೇ ಓಡುವ ಕಾಲು. ಮುಂದಿನ ಲೈನ್‌ನಲ್ಲೂ ಹೊಸಬರೇ ಹೆಚ್ಚು. ಲೈನ್ ಹೊಸದಾದಾಗ ಟೈಟ್ ಎಂಡ್ ಓಡಿಹೋಗುವ ಬದಲು ಟ್ಯಾಕಲ್‌ಗೆ ಹೆಗಲು ಕೊಡುತ್ತಾ ಅಲ್ಲೇ ಉಳಿಯಬೇಕಾಗುತ್ತದೆ. ಎಸ್‌ಇಸಿಯ ಹೊರಬದಿಯ ರಕ್ಷಕರಂತೂ ದೇಶದಲ್ಲೇ ವೇಗಿಗಳು. ಎಂಡ್ರೀಸ್ ಹಿಂದಿನ ವರ್ಷ ಹಿಡಿದಷ್ಟು ಟೆಕ್ಸಸ್‌ನಲ್ಲಿ ಹಿಡಿಯಲಿಲ್ಲ. ಅದನ್ನು ಅವರ ಸೋಲು ಎಂದು ಬರೆದವರನ್ನು ಕಂಡಾಗ ನನಗೆ ಬೇಸರವಾಯಿತು. ಬಿಟ್ಟುಹೋದ ಪಾಸ್‌ಗಳು ಆ ಜಾಗಕ್ಕೇ ಮೀಸಲಾಗಿ ಕಾಯುತ್ತಾ ಕೂತಿರುವುದಿಲ್ಲ.

ಜಾರ್ಜಿಯಾದಲ್ಲಿ ಆಸ್ಕರ್ ಡೆಲ್ಪ್, ಲಾಸನ್ ಲಕ್ಕಿ ಇಬ್ಬರೂ ಇದ್ದರು. 2024ರಲ್ಲಿ ಇಬ್ಬರೂ ತಲಾ ಇಪ್ಪತ್ತರ ಆಸುಪಾಸು ಪಾಸ್ ಹಿಡಿದಿದ್ದರು. ಈ ತಂಡದಲ್ಲಿ ಟೈಟ್ ಎಂಡ್‌ಗಳಿಗೆ ಎಂದೂ ಬರವಿಲ್ಲ. ಹಾಗಿರುವುದರಿಂದಲೇ ಒಬ್ಬೊಬ್ಬರ ಪಾಲು ಚಿಕ್ಕದು. ಬೌವರ್ಸ್ 2021ರಲ್ಲಿ ಮೊದಲ ವರ್ಷದ ಹುಡುಗನಾಗಿಯೇ 56 ಪಾಸ್, 13 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಮಾಡಿದ್ದು ಅಪವಾದ. ಅದನ್ನು ಅಳತೆಗೋಲು ಮಾಡಿಕೊಂಡು ಪ್ರತಿ ಹೊಸ ಹುಡುಗನನ್ನೂ ಅಳೆಯುವುದು ಅನ್ಯಾಯ. ಹದಿನೆಂಟರ ಹುಡುಗನಿಗೆ ಇಪ್ಪತ್ತೆರಡರ ಡಿಫೆನ್ಸಿವ್ ಎಂಡ್‌ನನ್ನು ತಡೆಯುವ ಮೈಕಟ್ಟು ಬರಲು ಸಾಮಾನ್ಯವಾಗಿ ಎರಡು ಮೂರು ವರ್ಷ ಬೇಕು. ತಡೆಯಲು ಬಾರದವನನ್ನು ಕೋಚ್ ಮೈದಾನಕ್ಕೆ ಇಳಿಸಿದರೆ ಎದುರಾಳಿಗೆ ಇದು ಪಾಸ್ ಆಟವೆಂದು ಮೊದಲೇ ಹೇಳಿಕೊಟ್ಟಂತೆ.

ಪಟ್ಟಿಗಳಿಗೆ ಸಿಗದೇ ಹೋಗುವವರಲ್ಲಿ ಜಾಗ ಬದಲಿಸಿದವರು ಮುಖ್ಯ. ಒಕ್ಲಹೋಮಾದ ಜೇರನ್ ಕ್ಯಾನಾಕ್ ಮೂರು ವರ್ಷ ಲೈನ್‌ಬ್ಯಾಕರ್ ಆಗಿ ಆಡಿ 2025ರಲ್ಲಿ ಟೈಟ್ ಎಂಡ್ ಆದರು. ಅವರ ಹೆಸರಿನ ಮುಂದೆ ಇದ್ದದ್ದು ಸೊನ್ನೆ. ಆದರೆ ಶಾರ್ಪ್ ಹೋಗಿ ಜಾಗ ತೆರವಾಗಿತ್ತು. ವಾಷಿಂಗ್ಟನ್ ಸ್ಟೇಟ್‌ನಿಂದ ಕೋಆರ್ಡಿನೇಟರ್ ಬೆನ್ ಆರ್ಬಕಲ್ ಮತ್ತು ಕ್ವಾರ್ಟರ್‌ಬ್ಯಾಕ್ ಜಾನ್ ಮಟೀರ್ ಜೋಡಿಯಾಗಿಯೇ ಬಂದಿದ್ದರು. ಸುತ್ತಲಿನದನ್ನು ನೋಡಿದ್ದವರಿಗೆ ಅಲ್ಲೊಂದು ಬಾಗಿಲು ತೆರೆದಿರುವುದು ಕಾಣುತ್ತಿತ್ತು. ಕ್ಯಾನಾಕ್ ಆ ವರ್ಷ ತಂಡದ ಮುಖ್ಯ ರಿಸೀವರ್‌ಗಳಲ್ಲಿ ಒಬ್ಬರಾದರು.

  

ಅಷ್ಟಕ್ಕೂ ಈ ಅಂದಾಜು ಇಷ್ಟು ಕಷ್ಟವಾಗಿರುವುದಕ್ಕೆ ಇನ್ನೊಂದು ಕಾರಣ ಟ್ರಾನ್ಸ್‌ಫರ್ ಪೋರ್ಟಲ್. 2021ರಿಂದ ಆಟಗಾರರು ಒಂದು ವರ್ಷ ಸುಮ್ಮನೆ ಕೂರದೆಯೇ ಒಮ್ಮೆ ತಂಡ ಬದಲಿಸಬಹುದಾಯಿತು. 2024ರಲ್ಲಿ ಓದಿನ ಅರ್ಹತೆ ಇದ್ದವರಿಗೆ ಎಷ್ಟು ಸಲ ಬೇಕಾದರೂ ಬದಲಿಸಲು ಅನುಮತಿ ಸಿಕ್ಕಿತು. ಮೇಲೆ ಹೇಳಿದ ಹೆಸರುಗಳಲ್ಲಿ ಸ್ಟೋವರ್ಸ್, ಶಾರ್ಪ್, ಎಂಡ್ರೀಸ್ ಎಲ್ಲರೂ ಬೇರೆ ಕಡೆ ಆಡಿ ಬಂದವರೇ. ಹಿಂದೆ ಒಬ್ಬ ಟೈಟ್ ಎಂಡ್ ನಾಲ್ಕು ವರ್ಷ ಒಂದೇ ಕೋಚ್‌ನ ಕೆಳಗೆ ಬೆಳೆಯುತ್ತಿದ್ದ, ಹೋದ ವರ್ಷದ ಅಂಕಿ ಈ ವರ್ಷಕ್ಕೂ ಒಂದಿಷ್ಟು ಅನ್ವಯಿಸುತ್ತಿತ್ತು. ಈಗ ಆ ಅಂಕಿ ಬೇರೆ ಊರಿನ, ಬೇರೆ ಕ್ವಾರ್ಟರ್‌ಬ್ಯಾಕ್‌ನ, ಬೇರೆ ಯೋಜನೆಯ ಕೆಳಗೆ ಬಂದದ್ದು.

ನೇಟ್ ಬೋರ್‌ಕರ್ಚರ್ ಹೆಸರನ್ನು 2025ರ ಜುಲೈಯಲ್ಲಿ ಎಷ್ಟು ಮಂದಿ ಕೇಳಿದ್ದರು? ನೆಬ್ರಾಸ್ಕಾದಲ್ಲಿ ವಾಕ್-ಆನ್ ಆಗಿ ಸೇರಿದವರು, ಹೆಚ್ಚಾಗಿ ತಡೆಯುವ ಕೆಲಸಕ್ಕೇ ಇಳಿಯುತ್ತಿದ್ದವರು. ಕೊನೆಯ ವರ್ಷಕ್ಕೆ ಟೆಕ್ಸಸ್ ಎ ಆ್ಯಂಡ್ ಎಂಗೆ ಬಂದರು. ಓಟದ ಆಟಕ್ಕೆ ಬಲ ಬೇಕಿತ್ತು, ಅದಕ್ಕಾಗಿಯೇ ಕರೆಸಿಕೊಂಡದ್ದು. ಸೆಪ್ಟೆಂಬರ್ 13ರಂದು ನೋಟರ್ ಡೇಮ್ ಮೈದಾನದಲ್ಲಿ ಪಂದ್ಯ ಮುಗಿಯಲು 13 ಸೆಕೆಂಡ್ ಬಾಕಿ. ಅಂಕ 40–34, ಎ ಆ್ಯಂಡ್ ಎಂ ಹಿಂದಿದೆ. ನಾಲ್ಕನೇ ಡೌನ್, ಗೋಲ್‌ಗೆ 11 ಯಾರ್ಡ್, ಇದು ತಪ್ಪಿದರೆ ಮುಗಿಯಿತು. ಕ್ವಾರ್ಟರ್‌ಬ್ಯಾಕ್ ಮಾರ್ಸೆಲ್ ರೀಡ್ ಎಸೆದ ಚೆಂಡು ಹಿಡಿದವರು ಬೋರ್‌ಕರ್ಚರ್. ಆ ಟಚ್‌ಡೌನ್‌ಗೆ ಆರು ಅಂಕ, ಹೆಚ್ಚುವರಿ ಪಾಯಿಂಟ್ ಸೇರಿ 41–40. ಪಂದ್ಯವಿಡೀ ಬ್ಲಾಕ್ ಮಾಡುತ್ತಿದ್ದವನ ಮೇಲೆ ರಕ್ಷಕರ ಕಣ್ಣು ಇರಬೇಕಾದಷ್ಟು ಇರುವುದಿಲ್ಲ. ಈ ಜಾಗದ ಇಡೀ ಸೊಗಸು ಇರುವುದೇ ಇಲ್ಲಿ ಎಂದು ನಾನು ನಂಬಿದ್ದೇನೆ.

ಮುಂದಿನ ಜುಲೈಯಲ್ಲಿ ಇಂಥ ಪಟ್ಟಿ ನಿಮ್ಮ ಕೈಗೆ ಬಂದಾಗ ಹೆಸರಿನ ಪಕ್ಕದ ಅಂಕಿಗಿಂತ ಮೊದಲು ಕ್ವಾರ್ಟರ್‌ಬ್ಯಾಕ್ ಹಳಬನೋ ಹೊಸಬನೋ ನೋಡಿ. ಕೋಆರ್ಡಿನೇಟರ್ ಯಾರು, ಅವರು ಹಿಂದಿನ ತಂಡದಲ್ಲಿ ‘12’ ಎಷ್ಟು ಬಳಸುತ್ತಿದ್ದರು ಎಂದು ಹುಡುಕಿ. ಎರಡೂ ಕಡೆಯ ಟ್ಯಾಕಲ್‌ಗಳು ಉಳಿದಿದ್ದಾರೆಯೇ ಎಂಬುದು ಅಷ್ಟೇ ಮುಖ್ಯ, ಅವರು ಗಟ್ಟಿಯಾಗಿದ್ದರೆ ಟೈಟ್ ಎಂಡ್‌ಗೆ ಓಡಿಹೋಗುವ ಸ್ವಾತಂತ್ರ್ಯ. ಆಮೇಲೆ ಯಾರ್ಡ್‌ಗಳನ್ನು ಪಾಸ್‌ಗಳಿಂದ ಭಾಗಿಸಿ. ತಂಡಗಳು ಡೆಪ್ತ್ ಚಾರ್ಟ್, ಅಂದರೆ ಪ್ರತಿ ಜಾಗಕ್ಕೆ ಮೊದಲು ಯಾರು, ಆಮೇಲೆ ಯಾರು ಎಂಬ ಪಟ್ಟಿ, ಪ್ರಕಟಿಸಿದಾಗ ಎರಡನೇ ಟೈಟ್ ಎಂಡ್ ಯಾರೆಂದು ಓದಲು ಮರೆಯಬೇಡಿ. 2026ರಿಂದ ಎಸ್‌ಇಸಿಯಲ್ಲಿ ಕಾನ್ಫರೆನ್ಸ್ ಪಂದ್ಯಗಳು ಎಂಟರಿಂದ ಒಂಬತ್ತಕ್ಕೆ ಏರುತ್ತವೆ. ಬಲಿಷ್ಠ ಎದುರಾಳಿಗಳ ವಿರುದ್ಧದ ಇನ್ನೊಂದು ಶನಿವಾರ ಎಂದರೆ ಗಾಯಗಳೂ ಹೆಚ್ಚು, ಆ ಎರಡನೆಯವನು ಮೊದಲನೆಯವನಾಗುವ ಸಂಭವವೂ ಹೆಚ್ಚು.